ದೂರದ ಊರಿನಿಂದ ಮನೆಯ ಫೈಲ್ ಸರ್ವರಿಗೆ ಸುರಕ್ಷಿತ ದಾರಿ

ಬೆಳೆದುದನ್ನು ಕಾಯ್ದುಕೊಳ್ಳುವುದು ಬೆಳೆಯುವಷ್ಟೇ ಮಹತ್ವದ ಕಾರ್ಯವೆಂಬುದನ್ನು ಒಕ್ಕಲು ಮನೆತನಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಅದರ ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಮಣ್ಣೆಳೆದು ಕಾಯ್ದಿಡುತ್ತಿದ್ದ ಪದ್ಧತಿ ಹಿರಿಯರ ನೆನಪಿನಲ್ಲಿ ಇನ್ನೂ ಉಳಿದಿದೆ. ಹಗೇವಿನ ಹಿರಿಮೆ ಎರಡು ಬಗೆಯದು. ಒಳಗಿನ ಕಾಳು ಕೆಡದೆ ಉಳಿಯುವುದು ಒಂದು. ಅದರ ಬಾಯಿ ಎಲ್ಲಿದೆಯೆಂಬುದು ಮನೆಯವರಿಗಲ್ಲದೆ ದಾರಿಹೋಕನಿಗೆ ತಿಳಿಯದಿರುವುದು ಇನ್ನೊಂದು.

ಇಂದಿನ ಮನೆತನಗಳಲ್ಲಿ ಕಾಳಿನಷ್ಟೇ ಬೆಲೆಯುಳ್ಳ ಮತ್ತೊಂದು ಸಂಗ್ರಹವಿದೆ. ಅದು ಕಾಗದಪತ್ರಗಳ ಸಂಗ್ರಹ. ಖಜೂರಿಯಂಥ ಗಡಿಯ ಊರುಗಳಲ್ಲಿ ಅದಕ್ಕೊಂದು ವಿಶೇಷವುಂಟು. 1948ರ ಸೆಪ್ಟೆಂಬರ್ ತಿಂಗಳವರೆಗೆ ಈ ಪ್ರದೇಶ ನಿಜಾಮರ ಆಳಿಕೆಯಲ್ಲಿದ್ದಿತು. 1956ರ ನವೆಂಬರ್ 1ರಂದು ಅಂದಿನ ಗುಲಬರ್ಗಾ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿತು. ಆದುದರಿಂದ ಇಲ್ಲಿಯ ಹಳೆಯ ಮನೆಗಳ ಟ್ರಂಕುಗಳಲ್ಲಿ ಉರ್ದುವಿನ ಭೂಮಿಪತ್ರ, ಮರಾಠಿಯ ವ್ಯವಹಾರ ಪತ್ರ, ಕನ್ನಡದ ಪಹಣಿ ಮೂರೂ ಒಂದೇ ಗಂಟಿನಲ್ಲಿ ದೊರೆಯುವುದುಂಟು. ಇವುಗಳ ಜೊತೆಗೆ ಮಕ್ಕಳ ಅಂಕಪಟ್ಟಿಗಳು, ಹಿರಿಯರ ಭಾವಚಿತ್ರಗಳು, ಬ್ಯಾಂಕಿನ ಕಾಗದಗಳು. ಆದರೆ ಈ ಪತ್ರಗಳ ಹಕ್ಕುದಾರರು ಮಾತ್ರ ಒಂದೇ ಸೂರಿನಡಿ ಇಲ್ಲ. ಒಬ್ಬರು ಊರಿನಲ್ಲಿ ತೊಗರಿ ಬೆಳೆಯುತ್ತಿದ್ದರೆ, ಮತ್ತೊಬ್ಬರು ಸೊಲ್ಲಾಪುರದಲ್ಲಿ, ಇನ್ನೊಬ್ಬರು ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಇರುತ್ತಾರೆ. ಊರಿನ ಮನೆಯಲ್ಲಿರುವ ಕಾಗದವು ಪುಣೆಯಲ್ಲಿರುವವನಿಗೆ ಬೇಕಾದಾಗ ಸಿಗಬೇಕು. ಅದೇ ಕಾಗದ ಬೇಡದವರ ಕೈಗೆ ಎಂದಿಗೂ ಸಿಗಬಾರದು. ಈ ಎರಡು ಬೇಡಿಕೆಗಳನ್ನು ಏಕಕಾಲಕ್ಕೆ ಈಡೇರಿಸುವ ಬಗೆ ಹೇಗೆಂಬುದೇ ಈ ಲೇಖನದ ವಿಷಯ.

ಫೈಲ್ ಸರ್ವರ್ ಎಂದರೇನು?

ಕಾಗದಗಳನ್ನು ಸ್ಕ್ಯಾನ್ ಮಾಡಿ, ಚಿತ್ರಗಳನ್ನು ಮೊಬೈಲಿನಿಂದ ಇಳಿಸಿ ಒಂದೆಡೆ ಕೂಡಿಡುವುದಕ್ಕಾಗಿ ಮನೆಯಲ್ಲಿಯೇ ಇರಿಸಿದ ಕಂಪ್ಯೂಟರನ್ನು ಫೈಲ್ ಸರ್ವರ್ ಎಂದು ಕರೆಯುತ್ತಾರೆ. ಇದಕ್ಕಾಗಿಯೇ ತಯಾರಿಸಿದ ಚಿಕ್ಕ ಪೆಟ್ಟಿಗೆಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಸುಸ್ಥಿತಿಯಲ್ಲಿರುವ ಹಳೆಯ ಕಂಪ್ಯೂಟರೊಂದಕ್ಕೆ ಹೊಸ ಡಿಸ್ಕ್ ಜೋಡಿಸಿ, ಅದರಲ್ಲಿ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸಿದರೂ ಅದೇ ಕೆಲಸ ಆಗುತ್ತದೆ. ಮನೆಯ ರೌಟರಿಗೆ ಇದನ್ನು ತಂತಿಯಿಂದ ಜೋಡಿಸಿದ ಮೇಲೆ, ಮನೆಯೊಳಗಿನ ಯಾವ ಮೊಬೈಲಿನಿಂದಲಾದರೂ ಅದರಲ್ಲಿರುವ ಕಡತಗಳನ್ನು ತೆರೆಯಬಹುದು.

ಕಡತಗಳನ್ನು ದೊಡ್ಡ ಕಂಪನಿಗಳ ಕ್ಲೌಡ್ ಸಂಗ್ರಹದಲ್ಲಿ ಇಡುವುದು ಸುಲಭವಲ್ಲವೇ ಎಂದು ಕೆಲವರು ಕೇಳಬಹುದು. ಸುಲಭವೆಂಬುದು ನಿಜ. ಆದರೆ ಅಲ್ಲಿ ತಿಂಗಳ ಬಾಡಿಗೆ ಕಟ್ಟುತ್ತಲೇ ಇರಬೇಕು; ಖಾತೆ ಒಬ್ಬರ ಹೆಸರಿನಲ್ಲಿದ್ದು, ಅವರು ಪಾಸ್‌ವರ್ಡ್ ಮರೆತರೆ ಅಥವಾ ತೀರಿಕೊಂಡರೆ ಉಳಿದವರಿಗೆ ಕಡತ ಸಿಗುವುದು ಕಷ್ಟವಾಗುತ್ತದೆ. ಸ್ವಂತ ಸರ್ವರಿನಲ್ಲಿ ಒಡೆತನ ಮನೆಯದೇ. ಒಡೆತನದ ಜೊತೆಗೆ ಕಾವಲಿನ ಹೊಣೆಯೂ ಮನೆಯದೇ ಆಗುತ್ತದೆ ಎಂಬುದನ್ನು ಮಾತ್ರ ಮರೆಯತಕ್ಕದ್ದಲ್ಲ.

ಒಳವಿಳಾಸ ಮತ್ತು ಹೊರವಿಳಾಸ

ಇಂಟರ್‌ನೆಟ್ಟಿನಲ್ಲಿ ಪ್ರತಿಯೊಂದು ಜೋಡಣೆಗೂ ಒಂದು ಅಂಕಿಯ ವಿಳಾಸವುಂಟು. ಇದಕ್ಕೆ ಐ.ಪಿ. ವಿಳಾಸವೆಂದು ಹೆಸರು. ಹಳೆಯ ಪದ್ಧತಿಯ, ಅಂದರೆ ನಾಲ್ಕನೆಯ ಆವೃತ್ತಿಯ ವಿಳಾಸಗಳ ಒಟ್ಟು ಸಂಖ್ಯೆ ಸುಮಾರು 429 ಕೋಟಿ. ಜಗತ್ತಿನ ಎಲ್ಲ ಯಂತ್ರಗಳಿಗೆ ಇದು ಸಾಲದಾಯಿತು. ಆದಕಾರಣ ಒಂದು ಮನೆಗೆ ಒಂದೇ ಹೊರವಿಳಾಸವನ್ನು ಕೊಟ್ಟು, ಮನೆಯೊಳಗಿನ ಯಂತ್ರಗಳಿಗೆ ರೌಟರೇ ಒಳವಿಳಾಸಗಳನ್ನು ಹಂಚುವ ಏರ್ಪಾಡು ರೂಢಿಗೆ ಬಂದಿತು. 192.168 ಎಂದು ಆರಂಭವಾಗುವ ಅಂಕಿಗಳು ಇಂಥ ಒಳವಿಳಾಸಗಳು. ಇವು ಒಂದು ವಾಡೆಯ ಒಳಗಿನ ಕೋಣೆಗಳ ಹೆಸರುಗಳಿದ್ದಂತೆ. 'ಪಡಸಾಲೆ' ಎಂದರೆ ಆ ಮನೆಯವರಿಗೆ ಸಾಕು. ಆದರೆ ಅಂಚೆಯವನಿಗೆ ಅಷ್ಟೇ ಹೇಳಿದರೆ ಯಾವ ಮನೆಯ ಪಡಸಾಲೆಯೆಂಬುದು ತಿಳಿಯದು.

ಪುಣೆಯಲ್ಲಿರುವ ಮಗನು ಊರಿನ ಸರ್ವರಿನ ಒಳವಿಳಾಸವನ್ನು ತನ್ನ ಮೊಬೈಲಿನಲ್ಲಿ ಒತ್ತಿದರೆ ಏನೂ ದೊರೆಯದಿರುವುದಕ್ಕೆ ಕಾರಣ ಇದೇ. ಅವನ ಬೇಡಿಕೆ ಮೊದಲು ಮನೆಯ ಹೊರವಿಳಾಸವನ್ನು ಮುಟ್ಟಬೇಕು. ಅಲ್ಲಿ ರೌಟರು ಅದನ್ನು ಒಳಗೆ ಬಿಡಬೇಕು. ರೌಟರು ಸಹಜವಾಗಿ ಯಾರನ್ನೂ ಒಳಗೆ ಬಿಡುವುದಿಲ್ಲ. ಮನೆಯವರು ಹೊರಗೆ ಕೇಳಿಕಳುಹಿಸಿದ್ದಕ್ಕೆ ಬಂದ ಉತ್ತರವನ್ನು ಮಾತ್ರ ಒಳತರುತ್ತದೆ. ಊರಿನ ಅಗಸೆಯ ಬಾಗಿಲನ್ನು ರಾತ್ರಿ ಮುಚ್ಚುತ್ತಿದ್ದಂತೆ ಅದರ ನಡವಳಿಕೆ.

ತೆರೆದ ಬಾಗಿಲಿನ ಅಪಾಯ

ಇಲ್ಲಿ ಬಹುಜನರು ಒಂದು ತಪ್ಪು ಹೆಜ್ಜೆಯನ್ನಿಡುತ್ತಾರೆ. ರೌಟರಿನಲ್ಲಿ 'ಪೋರ್ಟ್ ಫಾರ್ವರ್ಡಿಂಗ್' ಎಂಬ ಏರ್ಪಾಡುಂಟು. ಪೋರ್ಟ್ ಎಂದರೆ ಒಂದೇ ವಿಳಾಸದಲ್ಲಿರುವ ಅನೇಕ ಬಾಗಿಲುಗಳಲ್ಲಿ ಒಂದರ ಸಂಖ್ಯೆ. ಕಡತ ಹಂಚಿಕೆಗೆ ರೂಢಿಯಲ್ಲಿರುವ ಎಸ್.ಎಂ.ಬಿ. ಎಂಬ ಪದ್ಧತಿಯ ಬಾಗಿಲು 445ನೆಯದು. 'ಹೊರಗಿನಿಂದ 445ಕ್ಕೆ ಬಂದವರನ್ನೆಲ್ಲ ನೇರವಾಗಿ ಸರ್ವರಿಗೆ ಕಳುಹಿಸು' ಎಂದು ರೌಟರಿಗೆ ಆಜ್ಞೆ ಕೊಟ್ಟರೆ ಪುಣೆಯ ಮಗನಿಗೆ ದಾರಿ ತೆರೆಯುತ್ತದೆ. ಆದರೆ ಅದೇ ದಾರಿ ಜಗತ್ತಿಗೆಲ್ಲ ತೆರೆಯುತ್ತದೆ. ಇಂಟರ್‌ನೆಟ್ಟಿನ ಎಲ್ಲ ವಿಳಾಸಗಳನ್ನು ಹಗಲಿರುಳು ತಟ್ಟಿ ನೋಡುವ ಸ್ವಯಂಚಾಲಿತ ಕಾರ್ಯಕ್ರಮಗಳಿವೆ. ಚಿಕ್ಕ ಊರಿನ ಚಿಕ್ಕ ಮನೆಯನ್ನು ಯಾರು ಹುಡುಕಿಕೊಂಡು ಬರುತ್ತಾರೆಂಬ ಸಮಾಧಾನ ಇಲ್ಲಿ ಸಲ್ಲದು. ಅವು ಮನೆಯನ್ನು ಹುಡುಕುವುದಿಲ್ಲ. ತೆರೆದ ಬಾಗಿಲನ್ನು ಮಾತ್ರ ಹುಡುಕುತ್ತವೆ.

ಇದಕ್ಕೆ ಉದಾಹರಣೆಗಳು ಬಹಳ ಹಳೆಯವಲ್ಲ. 2017ರ ಮೇ 12ರಂದು ಹರಡಲಾರಂಭಿಸಿದ 'ವಾನಾಕ್ರೈ' ಎಂಬ ಕುತಂತ್ರಾಂಶವು ಇದೇ ಎಸ್.ಎಂ.ಬಿ. ಪದ್ಧತಿಯ ಒಂದು ದೋಷವನ್ನು ಹಿಡಿದು, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಆ ದೋಷದ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳು ಮೊದಲೇ, ಅಂದರೆ ಮಾರ್ಚ್ ತಿಂಗಳಿನಲ್ಲಿಯೇ ಹೊರಡಿಸಿದ್ದಿತು. ಅದನ್ನು ಅಳವಡಿಸಿಕೊಳ್ಳದವರಲ್ಲಿ ಅನೇಕರು ಸಿಕ್ಕಿಬಿದ್ದರು. 2021ರ ಏಪ್ರಿಲ್ ತಿಂಗಳಿನಲ್ಲಿ 'ಕ್ಯೂಲಾಕರ್' ಎಂಬುದು ಇಂಟರ್‌ನೆಟ್ಟಿಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಹೆಸರಿನ ಮನೆಬಳಕೆಯ ಫೈಲ್ ಸರ್ವರುಗಳನ್ನು ಹೊಕ್ಕು, ಕಡತಗಳನ್ನು ಪಾಸ್‌ವರ್ಡ್ ಇರುವ ಗಂಟುಗಳಲ್ಲಿ ಕಟ್ಟಿ, ಬಿಟ್‌ಕಾಯಿನ್ ರೂಪದಲ್ಲಿ ಒತ್ತೆಹಣ ಬೇಡಿತು. ಅದೇ ವರ್ಷದ ಜೂನ್ ತಿಂಗಳಿನಲ್ಲಿ ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ 'ಮೈ ಬುಕ್ ಲೈವ್' ಎಂಬ ಹಳೆಯ ಪೆಟ್ಟಿಗೆಗಳನ್ನು ಬಳಸುತ್ತಿದ್ದ ಅನೇಕರು ತಮ್ಮ ಸಂಗ್ರಹವೆಲ್ಲ ಅಳಿಸಿಹೋಗಿರುವುದನ್ನು ಕಂಡರು. ಆ ಪೆಟ್ಟಿಗೆಗಳಿಗೆ 2015ರ ನಂತರ ತಿದ್ದುಪಡಿಗಳು ನಿಂತುಹೋಗಿದ್ದವು. ಅಲ್ಲಿ ಒತ್ತೆಹಣವನ್ನು ಕೇಳುವವರೂ ಇರಲಿಲ್ಲ. ವರ್ಷಗಳ ಚಿತ್ರಗಳು ಒಂದು ರಾತ್ರಿಯಲ್ಲಿ ಇಲ್ಲವಾದವು.

ಈ ಮೂರು ಪ್ರಸಂಗಗಳಿಂದ ತಿಳಿಯುವುದಿಷ್ಟು: ಫೈಲ್ ಸರ್ವರನ್ನು ನೇರವಾಗಿ ಇಂಟರ್‌ನೆಟ್ಟಿಗೆ ಒಡ್ಡತಕ್ಕದ್ದಲ್ಲ. ಅದರ ಪಾಸ್‌ವರ್ಡ್ ಎಷ್ಟೇ ಗಟ್ಟಿಯಾಗಿರಲಿ, ಅದರ ತಂತ್ರಾಂಶದಲ್ಲಿ ಅಡಗಿರುವ ದೋಷಕ್ಕೆ ಪಾಸ್‌ವರ್ಡ್ ಅಡ್ಡಿಯಾಗದು. ಹಗೇವಿನ ಬಾಯನ್ನು ಬೀದಿಗೆ ತೋರಿಸಿ ಮೇಲೆ ಬೀಗ ಹಾಕುವುದಕ್ಕಿಂತ, ಅದರ ಬಾಯನ್ನು ಅಂಗಳದೊಳಗೇ ಇರಿಸಿ, ಬೇಕಾದವರನ್ನು ಅಂಗಳಕ್ಕೆ ಕರೆತರುವುದು ಮೇಲು.

ಬೀಗದ ವಿಜ್ಞಾನ

ಬೇಕಾದವರನ್ನು ಒಳಗೆ ಕರೆತರುವ ಬಗೆಯನ್ನು ಅರಿಯಬೇಕಾದರೆ ಗೂಢಲಿಪಿಯ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ ಕಡತ ಸಾಗಿಸುವ ಎಫ್.ಟಿ.ಪಿ. ಎಂಬ ನಿಯಮಾವಳಿಯ ಮೊದಲ ಕರಡನ್ನು 1971ರ ಏಪ್ರಿಲ್‌ನಲ್ಲಿ ಬರೆದವರು ಕಾನ್ಪುರದ ಐ.ಐ.ಟಿ.ಯ ಪ್ರಥಮ ತಂಡದ ವಿದ್ಯಾರ್ಥಿಯಾಗಿದ್ದು, ಅಮೆರಿಕದ ಎಂ.ಐ.ಟಿ.ಯಲ್ಲಿ ವ್ಯಾಸಂಗ ಮಾಡುತ್ತಿದ್ದ ಅಭಯ್ ಭೂಷಣರು. ಅಂದಿನ ಜಾಲದಲ್ಲಿದ್ದ ಯಂತ್ರಗಳು ಕೆಲವೇ. ಬಳಸುವವರು ಪರಸ್ಪರ ಪರಿಚಿತರು. ಆದುದರಿಂದ ಹೆಸರು, ಪಾಸ್‌ವರ್ಡ್, ಕಡತ ಎಲ್ಲವೂ ಬಯಲಾಗಿಯೇ ತಂತಿಯ ಮೇಲೆ ಸಾಗುತ್ತಿದ್ದವು. ಜಾಲ ಬೆಳೆದಂತೆ ಈ ಬಯಲು ಅಪಾಯಕರವಾಯಿತು. ದಾರಿಯಲ್ಲಿ ಕಿವಿಗೊಟ್ಟು ಕುಳಿತವನಿಗೆ ಪಾಸ್‌ವರ್ಡ್ ಹಾಗೆಯೇ ಕೇಳಿಸುತ್ತಿದ್ದಿತು.

1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಇಂಥ ಪಾಸ್‌ವರ್ಡ್ ಕಳವು ನಡೆದಾಗ, ಅಲ್ಲಿಯ ತಾತು ಯುಲೋನೆನ್ ಎಂಬವರು ಎಸ್.ಎಸ್.ಎಚ್. ಎಂಬ ಸುರಕ್ಷಿತ ಸಂಪರ್ಕ ಪದ್ಧತಿಯನ್ನು ರಚಿಸಿದರು. ಎಫ್.ಟಿ.ಪಿ.ಯ 21ನೆಯ ಬಾಗಿಲಿಗೂ ಟೆಲ್‌ನೆಟ್ಟಿನ 23ನೆಯ ಬಾಗಿಲಿಗೂ ನಡುವೆ ಖಾಲಿಯಿದ್ದ 22ನೆಯ ಸಂಖ್ಯೆಯನ್ನು ಅವರು ಕೇಳಿ ಪಡೆದರು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ಮೊದಲಾದದ್ದೂ ಅದೇ 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ.

ಈ ಪದ್ಧತಿಗಳ ಅಡಿಗಲ್ಲು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ವಿದ್ವಾಂಸರು ಪ್ರಕಟಿಸಿದ ಬಹಿರಂಗ ಕೀಲಿಕೈಯ ತತ್ತ್ವ. ಅದರ ಸಾರ ಹೀಗಿದೆ: ಪ್ರತಿಯೊಂದು ಯಂತ್ರವು ಒಂದು ಜೋಡಿ ಕೀಲಿಕೈಗಳನ್ನು ಹುಟ್ಟಿಸಿಕೊಳ್ಳುತ್ತದೆ. ಒಂದು ಬಹಿರಂಗದ್ದು, ಅದನ್ನು ಯಾರಿಗೆ ಕೊಟ್ಟರೂ ಹಾನಿಯಿಲ್ಲ. ಇನ್ನೊಂದು ಅಂತರಂಗದ್ದು, ಅದು ಆ ಯಂತ್ರವನ್ನು ಬಿಟ್ಟು ಹೊರಗೆ ಹೋಗಕೂಡದು. ಬಹಿರಂಗ ಕೀಲಿಕೈಯನ್ನು ಬಲ್ಲವನು ಎದುರಿನವನ ಬಳಿ ಅಂತರಂಗದ ಕೀಲಿಕೈ ಇದೆಯೇ ಇಲ್ಲವೇ ಎಂಬುದನ್ನು ಗಣಿತದಿಂದ ಪರೀಕ್ಷಿಸಬಲ್ಲನು. ಆದರೆ ಅದನ್ನು ನಕಲು ಮಾಡಲಾರನು. ತಹಸೀಲ ಕಚೇರಿಯಲ್ಲಿ ಹೆಬ್ಬೆಟ್ಟಿನ ಗುರುತು ದಾಖಲಾಗಿದ್ದರೂ ಹೆಬ್ಬೆಟ್ಟು ಮಾತ್ರ ಅದರ ಒಡೆಯನ ಕೈಯಲ್ಲಿಯೇ ಇರುವಂತೆ ಇದನ್ನು ತಿಳಿಯಬಹುದು. ಪಾಸ್‌ವರ್ಡನ್ನು ಊಹಿಸಬಹುದು, ಕದ್ದು ಕೇಳಬಹುದು. ಈ ಕೀಲಿಕೈಯನ್ನು ಊಹಿಸುವುದು ಇಂದಿನ ಯಾವ ಯಂತ್ರಕ್ಕೂ ಸಾಧ್ಯವಾಗಿಲ್ಲ.

ಸುರಂಗ ಮಾರ್ಗ

ಈ ತತ್ತ್ವದ ಮೇಲೆ ನಿಂತ ಒಂದು ಸಾಧನವೇ ವಿ.ಪಿ.ಎನ್., ಅಂದರೆ ಖಾಸಗಿ ಸುರಂಗ ಮಾರ್ಗ. ಪುಣೆಯ ಮೊಬೈಲಿಗೂ ಖಜೂರಿಯ ಮನೆಗೂ ನಡುವೆ ಇಂಟರ್‌ನೆಟ್ಟಿನ ಮೂಲಕವೇ ಒಂದು ಗೂಢಲಿಪಿಯ ಕೊಳವೆ ನಿರ್ಮಾಣವಾಗುತ್ತದೆ. ಕೊಳವೆಯ ಒಳಗೆ ಸಾಗುವುದು ಹೊರಗಿನವರಿಗೆ ಅರ್ಥಹೀನ ಅಂಕಿಗಳ ಮೊತ್ತ. ಕೊಳವೆಯ ಆ ತುದಿಯಿಂದ ಹೊರಬಂದ ಮೊಬೈಲಿಗೆ ತಾನು ಮನೆಯ ಪಡಸಾಲೆಯಲ್ಲಿಯೇ ಇದ್ದೇನೆಂಬ ಅನುಭವ. ಒಳವಿಳಾಸವನ್ನು ಒತ್ತಿದರೆ ಸರ್ವರ್ ಸಿಗುತ್ತದೆ. ಸರ್ವರ್ ಮಾತ್ರ ಹೊರಜಗತ್ತಿಗೆ ಎಂದಿನಂತೆ ಅದೃಶ್ಯವಾಗಿಯೇ ಉಳಿಯುತ್ತದೆ.

ಇಂಥ ಸಾಧನಗಳಲ್ಲಿ 2001ರಿಂದ ಬಳಕೆಯಲ್ಲಿರುವ ಓಪನ್‌ವಿಪಿಎನ್ ಪ್ರಸಿದ್ಧವಾದುದು. ಅದಕ್ಕಿಂತ ಸರಳವಾದ ವೈರ್‌ಗಾರ್ಡ್ ಎಂಬುದನ್ನು ಜೇಸನ್ ಡೊನೆನ್‌ಫೆಲ್ಡ್ ಎಂಬವರು ರಚಿಸಿದರು. 2020ರ ಮಾರ್ಚ್‌ನಲ್ಲಿ ಅದು ಲಿನಕ್ಸ್ ವ್ಯವಸ್ಥೆಯ ತಿರುಳಿನಲ್ಲಿಯೇ ಸೇರ್ಪಡೆಯಾಯಿತು. ಅದರ ಒಂದು ಗುಣ ವಿಶೇಷವಾಗಿ ಗಮನಾರ್ಹ. ಪರಿಚಿತ ಕೀಲಿಕೈಯಿಲ್ಲದವನು ಬಂದು ಬಾಗಿಲು ತಟ್ಟಿದರೆ ಅದು 'ಯಾರು?' ಎಂದು ಕೂಡ ಕೇಳುವುದಿಲ್ಲ; ಉತ್ತರವನ್ನೇ ಕೊಡದೆ ಸುಮ್ಮನಿರುತ್ತದೆ. ತಟ್ಟಿದವನಿಗೆ ಅಲ್ಲಿ ಬಾಗಿಲಿತ್ತೆಂಬುದೇ ತಿಳಿಯದು. ಹಗೇವಿನ ಎರಡನೆಯ ಗುಣ ಇದೇ ಅಲ್ಲವೇ?

ಅಳವಡಿಸುವ ಕ್ರಮ ಸ್ಥೂಲವಾಗಿ ಹೀಗಿದೆ. ಮೊದಲನೆಯದಾಗಿ, ಮನೆಯಲ್ಲಿ ಸದಾ ಚಾಲೂ ಇರುವ ಯಂತ್ರವೊಂದರಲ್ಲಿ, ಅಂದರೆ ಸರ್ವರಿನಲ್ಲಿ ಅಥವಾ ಅನುಕೂಲವಿರುವ ರೌಟರಿನಲ್ಲಿ, ವೈರ್‌ಗಾರ್ಡನ್ನು ಸ್ಥಾಪಿಸಬೇಕು. ಎರಡನೆಯದಾಗಿ, ಒಬ್ಬೊಬ್ಬರ ಒಂದೊಂದು ಮೊಬೈಲಿಗೂ ಕಂಪ್ಯೂಟರಿಗೂ ಬೇರೆಬೇರೆ ಕೀಲಿಕೈ ಜೋಡಿಯನ್ನು ಹುಟ್ಟಿಸಿ, ಬಹಿರಂಗದ್ದನ್ನು ಮಾತ್ರ ಮನೆಯ ಯಂತ್ರದಲ್ಲಿ ನಮೂದಿಸಬೇಕು. ಮೂರನೆಯದಾಗಿ, ರೌಟರಿನಲ್ಲಿ ವೈರ್‌ಗಾರ್ಡಿನ ಒಂದೇ ಪೋರ್ಟನ್ನು ತೆರೆಯಬೇಕು. ರೂಢಿಯಲ್ಲಿ ಇದು 51820. ಉಳಿದೆಲ್ಲವನ್ನೂ ಮುಚ್ಚಬೇಕು. ಯಂತ್ರಗಳು ತಾವೇ ಬಾಗಿಲು ತೆರೆದುಕೊಳ್ಳಲು ಅವಕಾಶ ಕೊಡುವ ಯು.ಪಿ.ಎನ್.ಪಿ. ಎಂಬ ಏರ್ಪಾಡನ್ನು ರೌಟರಿನಲ್ಲಿ ನಿಲ್ಲಿಸುವುದು ಕ್ಷೇಮ. ನಾಲ್ಕನೆಯದಾಗಿ, ಮನೆಯ ಹೊರವಿಳಾಸ ಆಗಾಗ ಬದಲಾಗುವುದರಿಂದ, ಆ ಬದಲಾವಣೆಯನ್ನು ಹಿಂಬಾಲಿಸಿ ಒಂದೇ ಹೆಸರಿನಿಂದ ಮನೆಯನ್ನು ತೋರಿಸುವ ಡೈನಾಮಿಕ್ ಡಿ.ಎನ್.ಎಸ್. ಸೇವೆಯನ್ನು ಪಡೆಯಬೇಕು.

ಇನ್ನೊಂದು ಚಿಕ್ಕ ಎಚ್ಚರಿಕೆಯುಂಟು. ಬಹಳಷ್ಟು ರೌಟರುಗಳು ಕಾರ್ಖಾನೆಯಿಂದ ಬರುವಾಗಲೇ 192.168.0 ಅಥವಾ 192.168.1 ಎಂಬ ಒಳವಿಳಾಸಗಳ ಸರಣಿಯನ್ನು ಹೊತ್ತು ಬರುತ್ತವೆ. ಊರಿನ ಮನೆಯಲ್ಲಿಯೂ ಪುಣೆಯ ಮನೆಯಲ್ಲಿಯೂ ಒಂದೇ ಸರಣಿಯಿದ್ದರೆ, ಮೊಬೈಲು ಸರ್ವರನ್ನು ಪುಣೆಯ ಮನೆಯಲ್ಲಿಯೇ ಹುಡುಕಿ ಸೋಲುತ್ತದೆ. ಊರಿನ ರೌಟರಿನಲ್ಲಿ 192.168.73 ಎಂಬಂಥ ಅಪರೂಪದ ಸರಣಿಯನ್ನು ಆರಂಭದಲ್ಲಿಯೇ ಆರಿಸಿಕೊಂಡರೆ ಈ ಗೊಂದಲ ಬಾರದು.

ಹೊರವಿಳಾಸವೇ ಇಲ್ಲದಾಗ

ಮೇಲಿನ ಕ್ರಮವನ್ನೆಲ್ಲ ಪಾಲಿಸಿದರೂ ಸಂಪರ್ಕ ಸಿಗದಿರುವುದುಂಟು. ಅದಕ್ಕೆ ಕಾರಣ ಮನೆಯವರ ತಪ್ಪಾಗಿರದೆ, ವಿಳಾಸಗಳ ಬರಗಾಲವಾಗಿರಬಹುದು. ಜಗತ್ತಿನ ಹಳೆಯ ಪದ್ಧತಿಯ ವಿಳಾಸಗಳ ಕೇಂದ್ರ ದಾಸ್ತಾನು 2011ರ ಫೆಬ್ರವರಿಯಲ್ಲಿಯೇ ಮುಗಿಯಿತು. ಅಂದಿನಿಂದ ಸೇವಾ ಸಂಸ್ಥೆಗಳು ನೂರಾರು ಮನೆಗಳಿಗೆ ಕೂಡಿ ಒಂದು ಹೊರವಿಳಾಸವನ್ನು ಹಂಚುವುದು ಸಾಮಾನ್ಯವಾಯಿತು. ಮೊಬೈಲ್ ಗೋಪುರದ ಮೂಲಕ ಬರುವ ಸಂಪರ್ಕದಲ್ಲಿ ಇದು ಬಹುತೇಕ ಖಚಿತ. ರೌಟರಿನ ಪುಟದಲ್ಲಿ ಕಾಣುವ ಹೊರವಿಳಾಸವು 100.64ರಿಂದ 100.127ರ ವರೆಗಿನ ಅಂಕಿಗಳಿಂದ ಆರಂಭವಾಗಿದ್ದರೆ ಆ ಮನೆಗೆ ಸ್ವಂತ ಹೊರವಿಳಾಸವಿಲ್ಲವೆಂದು ತಿಳಿಯತಕ್ಕದ್ದು. ಸಂತೆಯ ದಿನ ಹತ್ತು ಊರಿನವರು ಒಂದೇ ಅಂಗಡಿಯ ವಿಳಾಸಕ್ಕೆ ಪತ್ರ ತರಿಸಿಕೊಂಡರೆ, ಹೊರಗಿನಿಂದ ಬಂದ ಹೆಸರಿಲ್ಲದ ಪತ್ರ ಯಾರದೆಂದು ಅಂಗಡಿಯವನು ತಾನೇ ಹೇಗೆ ಬಲ್ಲನು?

ಪರಿಹಾರಗಳು ನಾಲ್ಕು. ಸೇವಾ ಸಂಸ್ಥೆಗೆ ಹೆಚ್ಚಿನ ಶುಲ್ಕ ಕೊಟ್ಟು ಸ್ಥಿರ ವಿಳಾಸವನ್ನು ಪಡೆಯುವುದು ಒಂದು. ಆರನೆಯ ಆವೃತ್ತಿಯ ಹೊಸ ವಿಳಾಸಗಳು ಎರಡೂ ಕಡೆ ದೊರೆತಿದ್ದರೆ ಅವುಗಳನ್ನೇ ಬಳಸುವುದು ಎರಡು. ಆದರೆ ಆಗ ರೌಟರಿನ ತಡೆಗೋಡೆ ಚಾಲೂ ಇದೆಯೇ ಎಂದು ನೋಡಿಕೊಳ್ಳಬೇಕು, ಏಕೆಂದರೆ ಆ ಪದ್ಧತಿಯಲ್ಲಿ ಪ್ರತಿ ಯಂತ್ರಕ್ಕೂ ಹೊರವಿಳಾಸವೇ ಇರುತ್ತದೆ. ದತ್ತಾಂಶ ಕೇಂದ್ರವೊಂದರಲ್ಲಿ ಚಿಕ್ಕ ಸರ್ವರನ್ನು ಬಾಡಿಗೆಗೆ ಪಡೆದು, ಊರಿನ ಮನೆಯೂ ಪುಣೆಯ ಮೊಬೈಲೂ ಅಲ್ಲಿಗೆ ತಾವಾಗಿ ಬಂದು ಕೂಡುವಂತೆ ಮಾಡುವುದು ಮೂರು. ಟೇಲ್‌ಸ್ಕೇಲ್, ಜೀರೋಟಿಯರ್ ಮುಂತಾದ ಸೇವೆಗಳ ಮೂಲಕ ಎರಡೂ ತುದಿಗಳನ್ನು ಪರಸ್ಪರ ಪರಿಚಯಿಸುವುದು ನಾಲ್ಕು. ನಾಲ್ಕನೆಯದು ಎಲ್ಲಕ್ಕಿಂತ ಸುಲಭವಾದುದು. ರೌಟರಿನಲ್ಲಿ ಯಾವ ಬಾಗಿಲನ್ನೂ ತೆರೆಯಬೇಕಾಗಿಲ್ಲ. ಆದರೆ ಯಾರು ಯಾರೊಡನೆ ಸೇರಬಹುದೆಂಬ ಪಟ್ಟಿಯನ್ನು ಕಾಯುವ ಕೆಲಸವನ್ನು ಹೊರಗಿನ ಸಂಸ್ಥೆಯೊಂದಕ್ಕೆ ಒಪ್ಪಿಸಿದಂತಾಗುತ್ತದೆ. ಆ ಖಾತೆಯ ಪಾಸ್‌ವರ್ಡ್ ಕಳುವಾದರೆ ಮನೆಯೇ ಕಳುವಾದಂತೆ. ಆದುದರಿಂದ ಆ ಖಾತೆಗೆ ಎರಡು ಹಂತದ ಪರಿಶೀಲನೆಯನ್ನು ಕಡ್ಡಾಯವಾಗಿ ಇರಿಸಬೇಕು.

ವೇಗದ ವಿಷಯದಲ್ಲಿಯೂ ಒಂದು ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಪುಣೆಯವನು ಕಡತವನ್ನು ಇಳಿಸಿಕೊಳ್ಳುವಾಗ ಊರಿನ ಮನೆಯು ಅದನ್ನು ಏರಿಸಬೇಕಾಗುತ್ತದೆ. ಊರಿನ ಏರಿಕೆಯ ವೇಗ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ, ಒಂದು ಗಿಗಾಬೈಟಿನ ಮದುವೆಯ ವಿಡಿಯೋ ಸಾಗಲು ಸುಮಾರು 13 ನಿಮಿಷ ಬೇಕು. ಒಂದು ಪಹಣಿಯ ಪ್ರತಿಯಾದರೋ ಕಣ್ಣು ಮಿಟುಕಿಸುವುದರೊಳಗೆ ಬಂದಿರುತ್ತದೆ.

ಕೀಲಿಕೈ ಯಾರ ಕೈಯಲ್ಲಿ?

ಯಂತ್ರದ ಭಾಗ ಇಲ್ಲಿಗೆ ಮುಗಿಯಿತು. ಮನುಷ್ಯರ ಭಾಗ ಇನ್ನುಮುಂದಿನದು. ಒಂದೇ ಹೆಸರು, ಒಂದೇ ಪಾಸ್‌ವರ್ಡನ್ನು ಮನೆಯವರೆಲ್ಲ ಬಳಸುವುದು ವಾಡಿಕೆ. ಇದು ಸಲ್ಲದ ವಾಡಿಕೆ. ಯಾರು ಯಾವ ಕಡತವನ್ನು ಅಳಿಸಿದರೆಂಬುದು ತಿಳಿಯದೆ ಅಣ್ಣತಮ್ಮಂದಿರ ನಡುವೆ ಅನುಮಾನ ಹುಟ್ಟುವುದಕ್ಕೆ ಇಷ್ಟೇ ಸಾಕು. ಭೂಮಿಪತ್ರಗಳ ವಿಷಯದಲ್ಲಂತೂ ಅನುಮಾನವು ಮನೆಯನ್ನೇ ಒಡೆಯಬಲ್ಲದು.

ಈ ವಿಷಯದಲ್ಲಿ ಕರ್ನಾಟಕದ ಕಂದಾಯ ಇಲಾಖೆಯ 'ಭೂಮಿ' ಯೋಜನೆಯು ಒಂದು ಪಾಠವನ್ನು ಕಲಿಸುತ್ತದೆ. 2000ದ ಆಚೀಚೆ ಆರಂಭವಾದ ಆ ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಕೈಬರಹದಿಂದ ಕಂಪ್ಯೂಟರಿಗೆ ಬಂದವು. ಅಲ್ಲಿ ದಾಖಲೆಯನ್ನು ಮುಟ್ಟುವ ಸಿಬ್ಬಂದಿಗೆ ಪಾಸ್‌ವರ್ಡ್ ಒಂದನ್ನೇ ನೆಚ್ಚದೆ ಬೆರಳಚ್ಚಿನ ಪರಿಶೀಲನೆಯನ್ನು ಇರಿಸಲಾಯಿತು. 'ಬೇರೆ ಯಾರೋ ನನ್ನ ಹೆಸರಿನಲ್ಲಿ ತಿದ್ದಿದರು' ಎಂಬ ಮಾತಿಗೆ ಎಡೆಯಿರಬಾರದೆಂಬುದು ಅದರ ಉದ್ದೇಶ. ರಾಜ್ಯದ ದಾಖಲೆಗೆ ಯಾವ ನಿಯಮವೋ ಮನೆಯ ದಾಖಲೆಗೂ ಅದೇ ನಿಯಮ: ಒಬ್ಬೊಬ್ಬರಿಗೆ ಒಂದೊಂದು ಹೆಸರು, ಒಂದೊಂದು ಕೀಲಿಕೈ; ಯಾರು ಬಂದರು, ಏನು ಮಾಡಿದರು ಎಂಬುದಕ್ಕೆ ದಾಖಲೆ.

ಬೇರೆಬೇರೆ ಕೀಲಿಕೈಗಳಿಂದ ಮತ್ತೊಂದು ಲಾಭವುಂಟು. ಬಸ್ಸಿನಲ್ಲಿ ಒಬ್ಬರ ಮೊಬೈಲು ಕಳೆದರೆ ಆ ಒಂದು ಕೀಲಿಕೈಯನ್ನು ಮನೆಯ ಯಂತ್ರದ ಪಟ್ಟಿಯಿಂದ ಅಳಿಸಿದರಾಯಿತು, ಉಳಿದವರಿಗೆ ತೊಂದರೆಯಿಲ್ಲ. ಇದಲ್ಲದೆ ಎಲ್ಲರಿಗೂ ಎಲ್ಲ ಅಧಿಕಾರ ಬೇಕಾಗಿಲ್ಲ. ಹಳೆಯ ಭೂಮಿಪತ್ರಗಳ ಕಪಾಟನ್ನು ಎಲ್ಲರೂ ಓದಬಹುದು, ಯಾರೂ ಅಳಿಸಲಾಗದು ಎಂಬಂತೆ ಇರಿಸಿದರೆ, ಒಬ್ಬರ ಮೊಬೈಲಿನಲ್ಲಿ ಹೊಕ್ಕ ಕುತಂತ್ರಾಂಶವೂ ಅವುಗಳನ್ನು ಮುಟ್ಟಲಾರದು. ಸರ್ವರಿನ ಮುಖ್ಯಾಧಿಕಾರವು ಒಬ್ಬ ಯುವಕನ ತಲೆಯಲ್ಲಿ ಮಾತ್ರ ಇರದೆ, ಅದರ ವಿವರಗಳನ್ನು ಕಾಗದದ ಮೇಲೆ ಬರೆದು, ಲಕೋಟೆಯಲ್ಲಿಟ್ಟು, ಮನೆಯ ಹಿರಿಯರ ಕಪಾಟಿನಲ್ಲಿ ಇರಿಸುವುದು ವಿವೇಕದ ಕೆಲಸ. ಬಲ್ಲವನೊಬ್ಬನು ಇಲ್ಲವಾದ ದಿನ ಮನೆಯವರು ಸ್ವಂತ ಹಗೇವಿನ ಮುಂದೆ ಬರಿಗೈಯಲ್ಲಿ ನಿಲ್ಲುವಂತಾಗಬಾರದು.

ಪ್ರತಿಯಿಲ್ಲದ ಸಂಗ್ರಹ ಸಂಗ್ರಹವಲ್ಲ

ಗೂಢಲಿಪಿಯು ಕಳ್ಳನನ್ನು ತಡೆಯಬಲ್ಲದೇ ಹೊರತು ವಿಧಿಯನ್ನು ತಡೆಯಲಾರದು. ಈ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ, ವಿದ್ಯುತ್ತು ಹೋಗಿಬರುತ್ತಿರುತ್ತದೆ. ಸರ್ವರನ್ನು ತಗಡಿನ ಮಾಡಿನ ಕೆಳಗಿಡದೆ ಗಾಳಿಯಾಡುವ ತಂಪು ಕೋಣೆಯಲ್ಲಿಡಬೇಕು. ಸರ್ವರಿಗೂ ರೌಟರಿಗೂ ಯು.ಪಿ.ಎಸ್. ಜೋಡಿಸಬೇಕು, ವಿದ್ಯುತ್ತು ಮರಳಿದಾಗ ಯಂತ್ರವು ತಾನಾಗಿಯೇ ಚಾಲೂ ಆಗುವಂತೆ ಹೊಂದಿಸಬೇಕು. ಇಲ್ಲವಾದರೆ ಊರಿನಲ್ಲಿ ಗುಂಡಿ ಒತ್ತುವವರು ಬರುವವರೆಗೆ ಪುಣೆಯವನು ಕಾಯಬೇಕಾಗುತ್ತದೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಗಡಿಯಾಚೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪವನ್ನು ಆಳಂದ ಸೀಮೆಯ ಹಿರಿಯರು ಮರೆತಿಲ್ಲ. ಲಾತೂರು ಮತ್ತು ಉಸ್ಮಾನಾಬಾದ ಜಿಲ್ಲೆಗಳಲ್ಲಿ ಕಲ್ಲುಮಣ್ಣಿನ ದಪ್ಪ ಗೋಡೆಗಳು ಕುಸಿದು ಸುಮಾರು ಹತ್ತು ಸಾವಿರ ಜನ ಪ್ರಾಣ ಕಳೆದುಕೊಂಡರು. ಪ್ರಾಣಹಾನಿಯ ಮುಂದೆ ಕಾಗದದ ಮಾತು ಚಿಕ್ಕದು. ಆದರೂ ಒಂದೇ ಗೋಡೆಯ ಒಳಗೆ ಇರುವುದೆಲ್ಲ ಒಂದೇ ಕ್ಷಣದಲ್ಲಿ ಹೋಗಬಲ್ಲದೆಂಬ ಸತ್ಯವನ್ನು ಈ ಸೀಮೆಗೆ ಅಷ್ಟು ಹತ್ತಿರದಿಂದ ತಿಳಿಸಿದ ಘಟನೆ ಬೇರೊಂದಿಲ್ಲ. ಒಂದೇ ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳನ್ನು ಜೋಡಿಯಾಗಿ ಇರಿಸುವುದು ಇಂಥ ಆಪತ್ತಿಗೆ ಉತ್ತರವಲ್ಲ. ಒಂದು ಡಿಸ್ಕು ಕೆಟ್ಟರೆ ಇನ್ನೊಂದು ನಿಭಾಯಿಸುತ್ತದೆ, ಅಷ್ಟೇ. ಅಳಿಸಿದ ಕಡತ ಎರಡರಿಂದಲೂ ಅಳಿಸಿಹೋಗುತ್ತದೆ.

ಬಲ್ಲವರು ಹೇಳುವ ನಿಯಮ ಮೂರು, ಎರಡು, ಒಂದು ಎಂಬುದು. ಕಡತದ ಮೂರು ಪ್ರತಿಗಳು. ಎರಡು ಬೇರೆಬೇರೆ ಬಗೆಯ ಸಾಧನಗಳ ಮೇಲೆ. ಅವುಗಳಲ್ಲಿ ಒಂದು ಬೇರೊಂದು ಊರಿನಲ್ಲಿ. ಚದುರಿದ ಕುಟುಂಬವು ಇಲ್ಲಿ ಅನಾನುಕೂಲವಾಗಿರದೆ ವರವೇ ಆಗುತ್ತದೆ. ಅದೇ ಸುರಂಗ ಮಾರ್ಗದ ಮೂಲಕ ರಾತ್ರಿಯ ಹೊತ್ತು ಊರಿನ ಸರ್ವರಿನ ಹೊಸ ಕಡತಗಳು ಪುಣೆಯ ಮನೆಯಲ್ಲಿರುವ ಒಂದು ಡಿಸ್ಕಿಗೆ ತಾವಾಗಿಯೇ ನಕಲಾಗುವಂತೆ ಮಾಡಬಹುದು. ಮೂರನೆಯ ಪ್ರತಿಯ ಡಿಸ್ಕನ್ನು ನಕಲು ಮುಗಿದ ಮೇಲೆ ಯಂತ್ರದಿಂದ ಬಿಡಿಸಿ ಇಡುವುದು ಮೇಲು. ತಂತಿಯಿಲ್ಲದ ಡಿಸ್ಕಿಗೆ ಒತ್ತೆಹಣದ ಕುತಂತ್ರಾಂಶ ತಲುಪಲಾರದು. ವರ್ಷಕ್ಕೊಮ್ಮೆಯಾದರೂ ಆ ಪ್ರತಿಯಿಂದ ಒಂದು ಕಡತವನ್ನು ಮರಳಿ ತೆಗೆದು ನೋಡತಕ್ಕದ್ದು. ತೆರೆದು ನೋಡದ ಪ್ರತಿಯನ್ನು ನೆಚ್ಚುವುದು ಹಗೇವನ್ನು ತೆಗೆಯದೆ ಕಾಳನ್ನು ಮಾರಿದಂತೆ.

ಸರ್ವರ್, ರೌಟರ್, ಮೊಬೈಲುಗಳ ತಂತ್ರಾಂಶದ ತಿದ್ದುಪಡಿಗಳನ್ನು ತಪ್ಪದೆ ಅಳವಡಿಸುವುದು, ತಿದ್ದುಪಡಿ ನಿಂತುಹೋದ ಹಳೆಯ ಪೆಟ್ಟಿಗೆಗಳನ್ನು ಬದಲಿಸುವುದು, ಎಸ್.ಎಂ.ಬಿ. ಪದ್ಧತಿಯ ಮೊದಲನೆಯ ಆವೃತ್ತಿಯನ್ನು ನಿಲ್ಲಿಸುವುದು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡುಗಳನ್ನು ಮೊದಲ ದಿನವೇ ಬದಲಿಸುವುದು ಇವು ನಿತ್ಯದ ಕಾವಲು. ಇವುಗಳಲ್ಲಿ ಯಾವುದೂ ಪಂಡಿತರಿಗೆ ಮಾತ್ರ ಸಾಧ್ಯವಾದ ಕೆಲಸವಲ್ಲ. ಪ್ರೌಢಶಾಲೆಯ ಗಣಕಯಂತ್ರದ ಪಾಠವನ್ನು ಮನಸ್ಸಿಟ್ಟು ಕಲಿತ ವಿದ್ಯಾರ್ಥಿ ಬಿಡುವಿನ ಒಂದೆರಡು ವಾರಗಳಲ್ಲಿ ಇದನ್ನೆಲ್ಲ ಮಾಡಿ ತೋರಿಸಬಲ್ಲನು. ಶಿಕ್ಷಕರು ದಾರಿ ತೋರಿಸಿದರೆ ಸಾಕು. ಮನೆಯ ಟ್ರಂಕಿನಲ್ಲಿರುವ ಉರ್ದು ಪತ್ರಗಳನ್ನು ಓದಬಲ್ಲ ಹಿರಿಯರು ಊರೂರಿನಲ್ಲಿ ದಿನೇ ದಿನೇ ಕಡಿಮೆಯಾಗುತ್ತಿದ್ದಾರೆ. ಅವರು ಇರುವಾಗಲೇ ಒಂದೊಂದು ಪತ್ರವನ್ನೂ ಸ್ಕ್ಯಾನ್ ಮಾಡಿ, ಅದು ಯಾವ ಹೊಲದ್ದು, ಯಾರ ಕಾಲದ್ದು ಎಂಬುದನ್ನು ಕೇಳಿ ಬರೆದು ಸೇರಿಸುವುದು ಈ ಕಾರ್ಯದ ಮೊದಲ ಹೆಜ್ಜೆ. ಸುರಂಗ, ಕೀಲಿಕೈಗಳು ಆನಂತರದವು. ದೂರದ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಮುಂದಿನ ಸಲ ಹಬ್ಬಕ್ಕೆ ಊರಿಗೆ ಬಂದಾಗ ಆ ಟ್ರಂಕಿನ ಮುಚ್ಚಳವನ್ನು ತೆರೆದರೆ ಕೆಲಸ ಆರಂಭವಾದಂತೆಯೇ ಸರಿ.